ಅಣಬೆ ಕೋಣೆಯ ಬಾಗಿಲು

ಕಿಟಕಿಯ ಪರದೆ ಒಗೆಯಲು ಹಾಕಿದ್ದೇ ತಪ್ಪಾಯಿತು. ಹಾಗೇ ಬಿಟ್ಟಿದ್ದರೆ ಅದರ ಧೂಳು ಅಣಬೆಗೆ ತಾಕುತ್ತದೆ ಅನ್ನೋ ಭಯ. ತೆಗೆದದ್ದಕ್ಕೆ ಇಡೀ ಮಲಗುವ ಕೋಣೆ ಎದುರುಮನೆಯ ಪೊಲೀಸ್ ತಾತನ ಕಣ್ಣಿಗೆ ಬಿತ್ತು. ತಾತ ಪೊಲೀಸ್ ಕೆಲಸದಿಂದ ನಿವೃತ್ತನಾಗಿ ಎಷ್ಟೋ ಕಾಲವಾಗಿತ್ತು, ಅನುಮಾನಕ್ಕೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ.

ಪರದೆ ಒಗೆದವನು ಮನೆಮನೆಯ ಕರೆಂಟ್ ಮೀಟರ್ ನೋಡಿಕೊಂಡು ಹೋಗುವ ಬಡಪಾಯಿ. ಬೀದಿಯವರು ಅವನನ್ನು 'ವಿಜ್ಞಾನಿ' ಅನ್ನುತ್ತಿದ್ದರು. ಹೊಗಳಿಕೆಯೇನಲ್ಲ, ಬಚ್ಚಲ ಡ್ರಮ್ಮಿನಲ್ಲಿ ಮೀನು ಸಾಕಿ, ಅವೆಲ್ಲ ಸತ್ತು, ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಓಡಾಡಿದ ಮೇಲೆ ಬಂದ ಬಿರುದು ಅದು. ಆಮೇಲೆ ಜೇನು ಸಾಕಿದ, ಆ ಸುದ್ದಿ ಬೇಡ. ಕೊನೆಗೆ ಅಣಬೆಯ ಹುಚ್ಚು ಹಿಡಿಯಿತು. ಮಲಗುವ ಕೋಣೆಯಿಂದ ಮಂಚ ಹೊರಗೆ ಬಿತ್ತು.

"ನಾನೆಲ್ಲಿ ಮಲಗ್ಲಿ?" ಎಂದು ಹೆಂಡತಿ ಕೇಳಿದಳು.

"ಹಾಲ್‌ನಲ್ಲಿ ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳೇ."

ಅವಳು ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ, ಸೂಟ್‌ಕೇಸ್ ತುಂಬಿಕೊಂಡಳು. "ಅಕ್ಕನ ಮನೆಗೆ ಹೋಗ್ತೀನಿ. ಆ ಕೋಣೇಲಿ ಅಣಬೆ ಅನ್ನೋದು ಏನಾದ್ರೂ ಹುಟ್ಟಿದ್ರೆ ಹೇಳಿ, ವಾಪಸ್ ಬರ್ತೀನಿ" ಎಂದು ಬಾಗಿಲು ದಬ್ಬಿಕೊಂಡು ಹೋದಳು. ಸಿಟ್ಟಿನಲ್ಲಿ ಆಡಿದ ಮಾತು, ಯಾರಿಗಾದರೂ ಗೊತ್ತಾಗುತ್ತದೆ. ಈ ಪುಣ್ಯಾತ್ಮ ಮಾತ್ರ ಅದನ್ನೇ ಗಟ್ಟಿ ಮಾಡಿಕೊಂಡ. ಅಣಬೆ ಬಂದರೆ ಹೆಂಡತಿ ಬರುತ್ತಾಳೆ, ಮುಗಿಯಿತು ಲೆಕ್ಕ.

ಕಬ್ಬಿಣದ ರ‍್ಯಾಕಿಗೆ ಸುತ್ತಲೂ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ ಅಂಚಿಗೆಲ್ಲ ಟೇಪು ಮೆತ್ತಿದ. ಒಳಗೆ ತಣ್ಣನೆಯ ಮಂಜು ಉಗುಳುವ ಯಂತ್ರ, ಹಳೆ ಕಂಪ್ಯೂಟರಿನಿಂದ ಕಿತ್ತ ಫ್ಯಾನು, ನೀಲಿ ಬಲ್ಬು. ಗಾಳಿ ಆಡಲು ಕೊರೆದ ತೂತುಗಳಿಗೆ ಹತ್ತಿ ತುರುಕಿದ. ಒಣಹುಲ್ಲನ್ನು ದಿನವಿಡೀ ಬೇಯಿಸಿ, ಆರಿಸಿ, ಬೀಜ ಬೆರೆಸಿ, ಆಳುದ್ದದ ಚೀಲಗಳಿಗೆ ತುಂಬಿ ಹಗ್ಗದಲ್ಲಿ ನೇತುಹಾಕಿದ. ಚೀಲಗಳು ಒಳಗಿನಿಂದ ಬೆಳ್ಳಗಾಗುತ್ತಾ ಬಂದವು. ಒಣಗಾಳಿ ನುಗ್ಗಿದರೆ ಎಳೆ ಅಣಬೆ ಸುಟ್ಟುಹೋಗುತ್ತದೆಂದು ಕೋಣೆಯ ಬಾಗಿಲನ್ನು ಮೈ ತೂರುವಷ್ಟೇ ತೆರೆಯುತ್ತಿದ್ದ. ಕೆಲಸಕ್ಕೆ ರಜೆ ಹಾಕಿದ, ಹೊಸ್ತಿಲು ದಾಟಲಿಲ್ಲ. ಅವಳಿಲ್ಲದ ಮನೆ ಭಣಭಣ ಅನ್ನುತ್ತಿತ್ತು. ಫೋನು ಕೈಗೆತ್ತಿಕೊಳ್ಳುವನು, ಯಾವ ಮುಖ ಇಟ್ಟುಕೊಂಡು ಮಾತಾಡಲಿ, ಅಣಬೆ ಬರಲಿ ಎಂದು ಕೆಳಗಿಡುವನು.

ಅಂತೂ ಇವತ್ತು ಬೆಳಿಗ್ಗೆ ಬಂದವು. ಚೀಲದ ಸೀಳಿನಿಂದ ಬೂದುಬಣ್ಣದ ಪುಟ್ಟ ಕೊಡೆಗಳು ಗುಂಪಾಗಿ ಇಣುಕಿದ್ದವು. ವಿಜ್ಞಾನಿಗೆ ಅಳುವೇ ಬಂದುಬಿಟ್ಟಿತು. ಇನ್ನೊಂದು ದಿನ ಕಳೆದರೆ ಅಂಗೈಯಗಲ ಆಗುತ್ತವೆ. ನಾಳೆ ಕೊಯ್ದು, ಫೋನು ಮಾಡಿ, ಅವಳನ್ನು ಕರೆಸಿಬಿಡುವುದು. ಆ ಖುಷಿಯಲ್ಲೇ ಪರದೆ ಒಗೆಯಲು ಹಾಕಿದ.

ಪೊಲೀಸ್ ತಾತ ಎದುರಿನ ಕಿಟಕಿಯಿಂದ ಕಂಡದ್ದಿಷ್ಟು: ನೀಲಿ ಬೆಳಕು, ಮಂಜು, ಪ್ಲಾಸ್ಟಿಕ್ಕಿನೊಳಗೆ ಹಗ್ಗಕ್ಕೆ ಜೋತುಬಿದ್ದ ಆಳುದ್ದದ ಬಿಳೀ ಗಂಟು. ಪಕ್ಕದಲ್ಲಿ ಬಾಯಿಗೆ ಬಟ್ಟೆ, ಕೈಗೆ ಗವಸು ಹಾಕಿಕೊಂಡ ಗಂಡಸು ಸ್ಪಿರಿಟ್ಟಿನಲ್ಲಿ ಚಾಕು ಒರೆಸುತ್ತಿದ್ದಾನೆ. ತಾತ ಊರುಗೋಲು ಮರೆತು ಬೀದಿ ದಾಟಿ, ಮೆಟ್ಟಿಲು ಹತ್ತಿ ಬಂದ.

ವಿಜ್ಞಾನಿ ಚಾಕು ಹಿಡಿದೇ ಬಾಗಿಲು ತೆಗೆದ.

"ಏನಪ್ಪಾ, ಮನೆಯವರು ಕಾಣಿಸ್ತಾನೇ ಇಲ್ಲ?"

"ಅಕ್ಕನ ಮನೇಲಿದಾಳೆ ತಾತ. ನಾಳೆ ಕತ್ತರಿಸಿ ಮುಗಿಸಿದ್ಮೇಲೆ ಕರೆಸ್ತೀನಿ."

ತಾತ ಸರಸರನೆ ಮೆಟ್ಟಿಲಿಳಿದ. ಅವಳ ಅಕ್ಕನ ಗಂಡನ ಔಷಧಿ ಅಂಗಡಿ ಅವನಿಗೆ ಗೊತ್ತಿದ್ದದ್ದೇ. ಫೋನು ಮಾಡಿದರೆ, "ನಾದಿನೀನಾ? ಅವಳು ನಮ್ಮ ಮನೆ ಕಡೆ ತಲೆ ಹಾಕದೆ ಒಂದು ವರ್ಷ ಆಯ್ತಲ್ಲ!" ಎಂಬ ಉತ್ತರ ಬಂತು.

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. "ಅವರ ಮನೆಯಿಂದ ಇತ್ತೀಚೆಗೆ ಹೆಂಗಸರ ಬಟ್ಟೆ ಒಂದೂ ಬಂದಿಲ್ಲ, ಬರೀ ಷರ್ಟು" ಎಂದ ಇಸ್ತ್ರಿಯವನು.

"ಅಯ್ಯೋ, ಒಂದಿನ ಪೂರ್ತಿ ಏನೋ ಬೇಯಿಸ್ತಿದ್ದ ಕಣ್ರೋ!" ಎಂದು ಮೇಲ್ಮನೆಯ ಅಜ್ಜಿ ಎದೆ ಬಡಿದುಕೊಂಡಳು. "ಕೆಟ್ಟ ವಾಸನೆ. ನಾನು ಊಟಾನೂ ಬಿಟ್ಟಿದ್ದೆ."

ಅಷ್ಟು ಸಾಕಾಯಿತು. ತಾತ ಕರೆಸಿದ ಇನ್‌ಸ್ಪೆಕ್ಟರು ಬರುವಷ್ಟರಲ್ಲಿ ಬೀದಿಯವರು ವಿಜ್ಞಾನಿಯ ಕೈಲಿ ಕೊಲೆ ಮಾಡಿಸಿ, ತುಂಡು ಮಾಡಿಸಿ, ಬೇಯಿಸಿಯೂ ಮುಗಿಸಿದ್ದರು.

"ನಿನ್ನ ಹೆಂಡ್ತಿ ಎಲ್ಲಯ್ಯಾ?" ಇನ್‌ಸ್ಪೆಕ್ಟರು ನೇರವಾಗಿ ಕೇಳಿದ.

"ಅಕ್ಕನ ಮನೇಲಿ, ಸಾರ್."

"ಅಲ್ಲಿಗೆ ಹೋಗೇ ಇಲ್ಲ ಅವಳು."

ವಿಜ್ಞಾನಿಯ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. "ಹೋಗಿಲ್ವಾ? ಮತ್ತೆ... ಎಲ್ಲಿದಾಳೆ?"

"ಅದನ್ನ ನೀನು ನಮಗೆ ಹೇಳ್ಬೇಕು."

ಎಲ್ಲಿ ಹೋದಳು? ಏನಾದರೂ ಮಾಡಿಕೊಂಡಳೇ? ಆ ಹಾಳು ಯೋಚನೆ ತಲೆಯೊಳಗೆ ಪೂರ್ತಿ ಇಳಿಯುವ ಮೊದಲೇ, ಬೆನ್ನ ಹಿಂದೆ ಕೋಣೆಯ ಬಾಗಿಲು ದಡಾರನೆ ತೆರೆದುಕೊಂಡಿತು. ಒಳಗೆ ನುಗ್ಗಿದ ಇಸ್ತ್ರಿಯವನು ಪ್ಲಾಸ್ಟಿಕ್ಕಿಗೆ ಕೈ ಹಾಕಿ ಪರ್ರನೆ ಹರಿದ. ಮಂಜು ಹೊರಗೆ ಹರಿಯಿತು, ಬೀದಿಯ ಬಿಸಿಗಾಳಿ ಒಳಗೆ ನುಗ್ಗಿತು.

"ಹೆಂಡ್ತಿ ವಿಷಯ ಆಮೇಲೆ ನೋಡೋಣ! ಮೊದ್ಲು ಬಾಗಿಲು ಹಾಕ್ರಯ್ಯಾ!" ವಿಜ್ಞಾನಿ ಬೀದಿಗೆಲ್ಲ ಕೇಳುವಂತೆ ಕಿರುಚಿದ.

ಪಾಪ, ಅವನ ಪಾಲಿಗೆ ಎರಡೂ ಒಂದೇ ವಿಷಯ. ಅಣಬೆ ಹೋದರೆ ಅವಳೂ ಹೋದಂತೆ. ಆದರೆ ಕೇಳಿದವರಿಗೆ ಹಾಗೆ ಕೇಳಿಸಬೇಕಲ್ಲ! ಇನ್‌ಸ್ಪೆಕ್ಟರು ಗಂಟನ್ನು ಬೆರಳಿನಿಂದ ಒತ್ತಿದ, ಮೂಸಿದ, ಒಳಗೆ ಕೈ ಹಾಕಿ ಹಿಡಿ ಹುಲ್ಲು ತೆಗೆದ. "ಇದೇನ್ರೀ ತಾತ, ಅಣಬೆ!"

"ಹಾಗಾದ್ರೆ ಹೆಣ ಎಲ್ಲಿ?" ತಾತನಿಗೆ ನಿಜವಾಗಿಯೂ ಬೇಸರವಾಗಿತ್ತು.

"ಇಲ್ಲಿದೀನಿ" ಎಂಬ ಧ್ವನಿ ಮೆಟ್ಟಿಲ ಕಡೆಯಿಂದ ಬಂತು.

ಜನ ಸರಿದು ದಾರಿ ಬಿಟ್ಟರು. ಸೂಟ್‌ಕೇಸ್ ಹಿಡಿದು ಹೆಂಡತಿ ನಿಂತಿದ್ದಳು. ಮೇಲ್ಮನೆಯ ಅಜ್ಜಿ ಅವಳ ಕೆನ್ನೆ ಚಿವುಟಿ ಖಾತ್ರಿ ಮಾಡಿಕೊಂಡಳು.

ವಿಜ್ಞಾನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು, "ಬಂದ್ಯಾ! ಅಣಬೆ ಬಂದಿದ್ದು ನಿಂಗೆ ಯಾರು ಹೇಳಿದ್ರು?" ಎಂದ. ಇಂಥ ಹೊತ್ತಲ್ಲಿ ಆಡುವ ಮಾತೇ ಇದು!

"ಯಾರೂ ಹೇಳಿಲ್ಲ" ಎಂದಳು ಅವಳು. "ನಾನು ಅಕ್ಕನ ಮನೆಗೂ ಹೋಗಿಲ್ಲ. ಕೆಳಗೆ ಟೈಲರಮ್ಮನ ಮನೇಲೇ ಇದ್ದೆ. ಒಂದ್ಸಲ ಫೋನ್ ಮಾಡ್ತೀರಾ, ಒಂದ್ಸಲ ಕೆಳಗಿಳಿದು ವಿಚಾರಿಸ್ತೀರಾ ಅಂತ ಕಾದೆ. ನಿಮ್ಮ ಫ್ಯಾನಿನ ಸದ್ದು ಮಾತ್ರ ಕೇಳ್ತಿತ್ತು. ಇವತ್ತು ಟೈಲರಮ್ಮ ಪೇಟೆಗೆ ಹೋಗಿದ್ರು. ಗಲಾಟೆ ಕೇಳಿ, ಜನ ನಿಮ್ಮನ್ನ ಏನು ಮಾಡ್ತಾರೋ ಅಂತ ಭಯ ಆಯ್ತು. ಸಾಕು ಈ ಹಟ, ನಿಮ್ಮ ಜೊತೇಲೇ ಇದ್ದುಬಿಡೋಣ ಅಂತ ಹೊರಟೆ. ಅರ್ಧ ಮೆಟ್ಟಿಲು ಹತ್ತಿದ್ದೆ, 'ಹೆಂಡ್ತಿ ವಿಷಯ ಆಮೇಲೆ' ಅನ್ನೋ ನಿಮ್ಮ ಮಾತು ಕಿವಿಗೆ ಬಿತ್ತು."

"ಅಯ್ಯೋ, ಅದು ಹಾಗಲ್ವೇ! ನೀನು ಬರಲಿ ಅಂತಾನೇ ಕಣೇ ಇದೆಲ್ಲ..."

ಅವಳ ಬಿಗಿದ ಮುಖ ಸ್ವಲ್ಪ ಮೆತ್ತಗಾಯಿತು. "ಸರಿ. ಇದನ್ನೆಲ್ಲ ಹೀಗೇ ಬಿಟ್ಟು ಈಗ್ಲೇ ನನ್ನ ಜೊತೆ ಕೆಳಗೆ ಬನ್ನಿ. ಕೂತು ಮಾತಾಡೋಣ" ಎಂದು ತಿರುಗಿ ಮೆಟ್ಟಿಲಿಳಿಯತೊಡಗಿದಳು.

"ಬಂದೆ, ಬಂದೆ!" ವಿಜ್ಞಾನಿ ಗಡಬಡಿಸಿದ. "ಒಂದೇ ನಿಮಿಷ ಕಣೇ, ಈ ಬಾಗಿಲೊಂದು ಹಾಕಿ ಬಂದ್ಬಿಡ್ತೀನಿ!"

ಓಡಿಹೋಗಿ ಕೋಣೆಯ ಬಾಗಿಲು ಎಳೆದುಕೊಂಡ. ತಿರುಗಿ ಮೆಟ್ಟಿಲ ಬಳಿ ಬರುವಷ್ಟರಲ್ಲಿ, ಕೆಳಗೆ ಟೈಲರಮ್ಮನ ಮನೆಯ ಚಿಲಕ ಒಳಗಿನಿಂದ ಬಿದ್ದ ಸದ್ದಾಯಿತು.