ಬಾನೆಟ್ಟಿನ ಸಂದಿಯ ದಾಸವಾಳ

ನಮ್ಮ ದೊಡ್ಡಪ್ಪನನ್ನು ದಯವಿಟ್ಟು ಯಾರೂ ಊಟಕ್ಕೆ ಕರೆಯಬೇಡಿ. ಕರೆಯಲೇಬೇಕೆಂದಿದ್ದರೆ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಮೊದಲೇ ತೆಗೆದಿಡಿ! ಇಲ್ಲವಾದರೆ ಅವರು ಬಡಿಸಿದ ಅನ್ನ ಬಿಟ್ಟು ಎದ್ದುಹೋಗಿ, ತೀರಿಹೋದ ನಿಮ್ಮ ಅಜ್ಜನನ್ನು ಒಂದು ನೂಲು ಎಡಕ್ಕೆ ಸರಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಹಾಂ, ಈಗ ಸರಿಯಾಯ್ತು" ಎಂದು ಬಂದು ಕೂರುತ್ತಾರೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದವರು. ಕೆಲಸಕ್ಕೆ ನಿವೃತ್ತಿ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ.

ಇಂಥವರ ಸ್ವಂತ ಅಂಬಾಸಿಡರ್ ಕಾರಿನ ಮೋರೆಯೇ ಓರೆ ಎಂದರೆ ನಂಬುತ್ತೀರಾ? ಅದೂ ಅವರ ಕಣ್ಣಿನದೇ ಪ್ರತಾಪ. ಮದುವೆಯಾದ ಹೊಸತರಲ್ಲಿ ದೊಡ್ಡಮ್ಮನನ್ನು ಕೂರಿಸಿಕೊಂಡು ಬಜಗೋಳಿಗೆ ಹೋಗಿದ್ದರಂತೆ. ಅಲ್ಲಿ ಒಂದು ಅಂಗಡಿಯ ಬೋರ್ಡು ಒಂದು ಬದಿಗೆ ವಾಲಿತ್ತು. ಅದನ್ನೇ ನೋಡುತ್ತ ನೋಡುತ್ತ ಕಾರನ್ನು ಸೀದಾ ಮೋರಿಯ ಕಟ್ಟೆಗೆ ಗುದ್ದಿಸಿದರು! ಎಡಗಡೆಯ ಮಡ್‌ಗಾರ್ಡ್ ಒಳಗೆ ಹೋಯಿತು. ವೆಲ್ಡಿಂಗಿನವನೊಬ್ಬ ಬಡಿದು ಕೂರಿಸಿದ್ದೇನೋ ಹೌದು. ಆದರೆ ಅಂದಿನಿಂದ ಆ ಬದಿಯ ಹೆಡ್‌ಲೈಟು ಸ್ವಲ್ಪ ನೆಲ ನೋಡುತ್ತಿತ್ತು. ಬಾನೆಟ್ಟಿಗೂ ಆ ಮಡ್‌ಗಾರ್ಡಿಗೂ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿ ಉಳಿಯಿತು.

"ಊರವರ ಓರೆಯೆಲ್ಲ ಕಾಣ್ತದೆ ಇವರಿಗೆ, ಮನೆಯದ್ದು ಮಾತ್ರ ಕಾಣುವುದಿಲ್ಲ" ಎಂದು ದೊಡ್ಡಮ್ಮ ಜನ್ಮವಿಡೀ ಹಂಗಿಸಿದರು. ಎಲ್ಲಿಗೆ ಹೊರಟರೂ ಅಂಗಳದ ಗಿಡದಿಂದ ಒಂದು ದಾಸವಾಳ ಕಿತ್ತು, ತೊಟ್ಟನ್ನು ಆ ಸಂದಿಗೆ ಸಿಕ್ಕಿಸಿ, "ಹಾಂ, ಮಾನ ಮುಚ್ಚಿತು. ಇನ್ನು ಹೋಗುವ" ಎನ್ನುತ್ತಿದ್ದರು. ಇನ್ನಂಜೆಯ ಮನೆಯಿಂದ ಕಾಪು ಪೇಟೆ ಮುಟ್ಟುವವರೆಗೂ ಹೂ ಬೀಳುತ್ತಿರಲಿಲ್ಲ.

"ಅದನ್ನೊಮ್ಮೆ ಸರಿ ಮಾಡಿಸ್ತೀರೋ ಇಲ್ವೋ?"

"ನಾನೇ ಮಾಡ್ಲಿಕ್ಕುಂಟು ಮಾರಾಯ್ತಿ. ರಿಟೈರ್ ಆಗಲಿ."

ರಿಟೈರಾದರು. ಕಾರು ಶೆಡ್ಡು ಸೇರಿ ತುಕ್ಕು ಹಿಡಿಯಿತು. ಆಮೇಲೆ ದೊಡ್ಡಮ್ಮನಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ ಮರೆತರು, ಸಾರಿಗೆ ಉಪ್ಪು ಮರೆತರು, ನಾವು ನಕ್ಕೆವು. ಒಂದು ಬೆಳಿಗ್ಗೆ ಗಂಡನ ಕೈಯಿಂದ ಚಾ ತೆಗೆದುಕೊಂಡು, ಬಹಳ ಮರ್ಯಾದೆಯಿಂದ, "ನೀವು ಯಾರ ಪೈಕಿ?" ಎಂದು ಕೇಳಿದರು. ಅಂದು ಯಾರೂ ನಗಲಿಲ್ಲ.

ಮಣಿಪಾಲದ ಡಾಕ್ಟರು, "ಹಳೆಯ ಪರಿಚಯದ ಸಾಮಾನುಗಳನ್ನು ತೋರಿಸ್ತಾ ಇರಿ" ಎಂದರು. ದೊಡ್ಡಪ್ಪ ಮನೆಗೆ ಬರುವ ದಾರಿಯಲ್ಲೇ ತೀರ್ಮಾನ ಮಾಡಿಬಿಟ್ಟರು.

"ಕಾರನ್ನು ಸರಿ ಮಾಡಿ ಎದುರಿಗೆ ನಿಲ್ಲಿಸ್ತೇನೆ ಮಗಾ. ಅವಳು ಜೀವಮಾನದಲ್ಲಿ ನನ್ನ ಹತ್ರ ಕೇಳಿದ್ದು ಅದೊಂದೇ. ಕಾರಿನ ಗುರ್ತ ಸಿಕ್ಕಿದ್ರೆ ನನ್ನ ಗುರ್ತವೂ ಸಿಗ್ತದೆ."

ನಾನು ಹೂಂ ಎಂದೆ.

ಕಾಪುವಿನಿಂದ ಟಿಂಕರಿಂಗಿನ ಪೊರ್ಬುಗಳು ಬಂದರು. ಕ್ರಿಶ್ಚಿಯನ್ ಹಿರಿಯರನ್ನು ನಮ್ಮಲ್ಲಿ ಗೌರವದಿಂದ ಕರೆಯುವುದೇ ಹಾಗೆ. ಪಾಪ, ತಾವು ಯಾರ ಬಾಯಿಗೆ ಬೀಳಲಿದ್ದೇವೆಂದು ಅವರಿಗೇನು ಗೊತ್ತು! ತುಕ್ಕು ಕತ್ತರಿಸಿ ತಗಡು ಬೆಸೆಯುವವರೆಗೆ ಎಲ್ಲ ಸುಸೂತ್ರ. ಮುಂಭಾಗ ಜೋಡಿಸುವಾಗ ಶುರುವಾಯಿತು ನೋಡಿ ರಾಮಾಯಣ. ಬಾಗಿಲಿಗೆ ಹೊಂದಿಸಿ ಮಡ್‌ಗಾರ್ಡ್ ಕೂರಿಸಬೇಕು, ಮಡ್‌ಗಾರ್ಡಿಗೆ ಹೊಂದಿಸಿ ಬಾನೆಟ್, ಕೊನೆಗೆ ಗ್ರಿಲ್. ಎದುರಿನ ಬೋಲ್ಟು ಬಿಗಿದರೆ ಹಿಂದೆ ಏಳುತ್ತದೆ. ವಾಷರ್ ಕೊಟ್ಟು ಎತ್ತಿದರೆ ಬಾಗಿಲಿಗೆ ತಾಗುತ್ತದೆ. ದೊಡ್ಡಪ್ಪ ಒಂದು ಕಣ್ಣು ಮುಚ್ಚಿ ಎದುರಿಗೇ ಕುಕ್ಕರಗಾಲಲ್ಲಿ ಕೂತಿದ್ದಾರೆ.

"ಪೊರ್ಬುಗಳೇ, ಒಂದು ನೂಲು ಎತ್ತಿ."

"ಈಗಷ್ಟೇ ಎತ್ತಿದ್ದಲ್ವಾ ಮಾಸ್ಟ್ರೇ!"

"ಹಾಗಾದ್ರೆ ಇಳಿಸಿ."

"ಇದು ಕಾರು ಮಾರಾಯ್ರೇ, ನಿಮ್ಮ ಡ್ರಾಯಿಂಗ್ ಶೀಟಲ್ಲ!"

ಆ ದಿನಗಳಲ್ಲೇ ಎರ್ಮಾಳಿನ ನೆಂಟರು ಮಗಳ ಮದುವೆಯ ಕಾಗದ ಕೊಡಲು ಬಂದರು. ದೊಡ್ಡಪ್ಪ ಕಾಗದವನ್ನು ಎರಡು ಬೆರಳಿನಲ್ಲಿ ಹಿಚುಕಿ ನೋಡಿ, ನೇರ ಶೆಡ್ಡಿಗೆ ನಡೆದು, ಬಾನೆಟ್ಟಿನ ಸಂದಿಗೆ ತೂರಿಸಿದರು. ಬಲಗಡೆ ಬಿಗಿ, ಎಡಗಡೆ ಸಡಿಲ. ನೆಂಟರು ಪೆಚ್ಚಾಗಿ, "ಮದುವೆಗೆ ಬರ್ತೀರಲ್ಲ?" ಎಂದರು. ದೊಡ್ಡಪ್ಪ ತಲೆ ಎತ್ತದೆ ಕೇಳಿದರು: "ಇನ್ನೊಂದು ಕಾಗದ ಉಂಟಾ?"

ಕೊನೆಗೊಮ್ಮೆ ಕಾಗದ ಎರಡೂ ಬದಿಯಲ್ಲಿ ಒಂದೇ ಹದದಲ್ಲಿ ಜಾರಿತು. ಹೆಡ್‌ಲೈಟುಗಳೆರಡೂ ನೇರ ನೋಡಿದವು. ಬಿಳಿ ಬಣ್ಣ ಬಂತು, ಎಂಜಿನ್ನಿಗೂ ಜೀವ ಬಂತು. ಎಷ್ಟು ಚೆಂದ ಇತ್ತು ಗೊತ್ತುಂಟಾ! ದೊಡ್ಡಪ್ಪ ಗಡ್ಡ ತೆಗೆದು, ಇಸ್ತ್ರಿಯ ಅಂಗಿ ಹಾಕಿ ಕಾರಿನ ಪಕ್ಕ ನಿಂತರು, ಪೊರ್ಬುಗಳು ಶೆಡ್ಡಿನ ಬಾಗಿಲಲ್ಲಿ. ನಾನು ದೊಡ್ಡಮ್ಮನ ಕೈ ಹಿಡಿದು ಅಂಗಳಕ್ಕೆ ಕರೆತಂದೆ.

ದೊಡ್ಡಮ್ಮ ಕಾರು ನೋಡಿದರು. ಯಾರೂ ಹೇಳದೆಯೇ ಅವರ ಕೈ ಗಿಡದತ್ತ ಹೋಯಿತು, ಒಂದು ದಾಸವಾಳ ಕಿತ್ತಿತು. ಎಡಬದಿಗೆ ಹೋಗಿ ತೊಟ್ಟನ್ನು ಒತ್ತಿದರು. ಒಳಗೆ ಹೋಗಲಿಲ್ಲ. ಮತ್ತೊಮ್ಮೆ ಒತ್ತಿದರು. ಹೂ ಜಾರಿ ನೆಲಕ್ಕೆ ಬಿತ್ತು.

"ಇದು ನಮ್ಮ ಕಾರಲ್ಲ. ಯಾರದ್ದೋ" ಎಂದು ಒಳಗೆ ಹೋದರು.

ದೊಡ್ಡಪ್ಪ ಬಿದ್ದ ಹೂವನ್ನು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, "ಪೊರ್ಬುಗಳೇ, ಸ್ಪ್ಯಾನರ್ ತೆಗೀರಿ. ಓರೆ ಮಾಡಿ" ಎಂದರು.

"ಎಂತ? ಓರೆ ಮಾಡ್ಲಿಕ್ಕಾ?"

ಶುರುವಾಯಿತು ಎರಡನೆಯ ರಾಮಾಯಣ. ಬಿಡಿಸಿದರು, ವಾಷರ್ ತೆಗೆದರು, ಹೊಚ್ಚ ಹೊಸ ಬಣ್ಣ ಬಳಿದ ಮಡ್‌ಗಾರ್ಡಿಗೆ ಮರದ ಸುತ್ತಿಗೆಯಿಂದ ಬಡಿದರು. ದೊಡ್ಡಪ್ಪ ಮತ್ತೆ ಒಂದು ಕಣ್ಣು ಮುಚ್ಚಿ ಕೂತರು. "ಇದು ಜಾಸ್ತಿ ಓರೆಯಾಯ್ತು! ಸರಿಯಾಗಿ ಓರೆ ಮಾಡಿ ಪೊರ್ಬುಗಳೇ!" ಈ ಸಲ ಪೊರ್ಬುಗಳು ಒಂದು ಮಾತೂ ಎದುರಾಡಲಿಲ್ಲ. ಸಂದಿ ಅಳೆಯಲು ಈಗ ಮದುವೆಯ ಕಾಗದ ಅಲ್ಲ, ದಾಸವಾಳದ ತೊಟ್ಟು. ಗಿಡದಲ್ಲಿ ಹೂವೇ ಉಳಿಯಲಿಲ್ಲ.

ಗಿಡ ಮತ್ತೆ ಹೂ ಬಿಟ್ಟ ದಿನ ದೊಡ್ಡಮ್ಮನನ್ನು ಕರೆತಂದೆವು. ಒಂದು ಹೂ ಕಿತ್ತು ಎಡಬದಿಗೆ ನಡೆದರು. ತೊಟ್ಟು ಸಲೀಸಾಗಿ ಇಳಿಯಿತು, ಹೂ ನಿಂತಿತು.

"ಹಾಂ, ಮಾನ ಮುಚ್ಚಿತು!" ಮುಖವಿಡೀ ನಗು. "ನಮ್ಮ ಕಾರು ಬಂತು. ಇನ್ನು ಹೋಗುವ."

ದೊಡ್ಡಪ್ಪ ಓಡಿಹೋಗಿ ಮುಂದಿನ ಬಾಗಿಲು ತೆರೆದು ಹಿಡಿದರು. ದೊಡ್ಡಮ್ಮ ಅವರನ್ನು ದಾಟಿ, ಹಿಂದಿನ ಬಾಗಿಲು ತೆರೆದು, ಸೆರಗು ಸರಿಮಾಡಿಕೊಂಡು ಕೂತರು.

ದೊಡ್ಡಪ್ಪ ಮುಂದಿನ ಬಾಗಿಲನ್ನು ಮೆಲ್ಲನೆ ಹಾಕಿ, ಸುತ್ತುಹಾಕಿ ಬಂದು ಸ್ಟೇರಿಂಗಿನ ಎದುರು ಕೂತರು. ನಾನು ದೊಡ್ಡಮ್ಮನ ಪಕ್ಕ ಕೂತೆ.

"ಎಲ್ಲಿಗಮ್ಮ?" ಎಂದು ದೊಡ್ಡಪ್ಪ ಕೇಳಿದರು.

"ಶಾಲೆಗೆ. ನಮ್ಮವರು ಕಾಯ್ತಾ ಇರ್ತಾರೆ. ಮೆಲ್ಲ ಹೋಗಿ ಡ್ರೈವರ್ರೇ, ಗಾಡಿಗೆ ಒಂದು ಗೀರು ಬಿದ್ರೆ ಅವರು ಊಟ ಮಾಡುವುದಿಲ್ಲ. ಸ್ವಲ್ಪ ಕಿರಿಕಿರಿಯ ಜನ. ಆದ್ರೆ ಭಾರೀ ಒಳ್ಳೆಯವರು." ಆಮೇಲೆ ಮುಂದಕ್ಕೆ ಬಾಗಿ ಕೇಳಿದರು, "ನಿಮಗೆ ಅವರ ಗುರ್ತ ಉಂಟಾ?"

ದೊಡ್ಡಪ್ಪ ಹಿಂದಿನ ರಸ್ತೆ ನೋಡಲೆಂದು ಇರುವ ಕನ್ನಡಿಯನ್ನು ದೊಡ್ಡಮ್ಮನ ಮುಖ ಕಾಣುವಷ್ಟು ಓರೆ ಮಾಡಿಕೊಂಡರು.

"ಸ್ವಲ್ಪ ಗುರ್ತ ಉಂಟಮ್ಮ" ಎಂದು ಗೇರ್ ಹಾಕಿದರು.