ಉಡಿ ತುಂಬಿಸಿಕೊಂಡ ಬಂದೂಕುಗಳು

ಮನುಷ್ಯನಿಗೆ ವಯಸ್ಸಾದಂತೆ ಅವನ ಬಂದೂಕಿನ ಜೀವಕ್ಕೆ ಅಪಾಯ ಹೆಚ್ಚುತ್ತದೆ. ಇದು ಹುಮನಾಬಾದಿನ ವೃದ್ಧ ಶಸ್ತ್ರಧಾರಿಗಳ ಸುರಕ್ಷಾ ಕೋಶದವರು ಬಹಳ ಚಹಾ ಕುಡಿದು ಕಂಡುಹಿಡಿದ ಸತ್ಯ. ಇದರ ಮೊದಲ ಫಲಾನುಭವಿಯಾಗುವ ಯೋಗ ಬಸವಕಲ್ಯಾಣ ತಾಲ್ಲೂಕು ರಾಜೇಶ್ವರದ ಪಂಡರಿಗೆ ಒದಗಿತು.

ಪಂಡರಿಗೆ ಎಪ್ಪತ್ತು ದಾಟಿದೆ. ಕುರಿ ಕಾಯುವ ಮನೆತನ. ನಿಜಾಮನ ಕಾಲದಲ್ಲಿ ತೋಳದ ಕಾಟಕ್ಕೆಂದು ಅಜ್ಜ ಪಡೆದ ಎರಡು ಬಂದೂಕು ಲೈಸನ್ಸ್ ಸಮೇತ ಇವನ ಪಾಲಿಗೆ ಬಂದಿದ್ದವು. ಜೋಡುನಳಿಗೆಯದಕ್ಕೆ ದೊಡ್ಡಾಕಿ, ಒಂಟಿನಳಿಗೆಯದಕ್ಕೆ ಸಣ್ಣಾಕಿ ಎಂದು ಮನೆಯಲ್ಲಿ ಹೆಸರು. ತೋಳಗಳು ಊರು ಬಿಟ್ಟು ಎಷ್ಟೋ ಕಾಲವಾಯಿತು, ಇವರಿಬ್ಬರೂ ಬಾಯಿ ಮುಚ್ಚಿಕೊಂಡೂ ಅಷ್ಟೇ ಕಾಲವಾಯಿತು. ಆದರೂ ಭಾನುವಾರ ಬಂತೆಂದರೆ ಪಂಡರಿ ಕಟ್ಟೆಯ ಮೇಲೆ ಕೌದಿ ಹಾಸಿ, ಇಬ್ಬರನ್ನೂ ಮಲಗಿಸಿ, ಹಳೆ ಧೋತರದ ತುಂಡಿನಿಂದ ಎಣ್ಣೆ ಹಚ್ಚಿ ಒರೆಸಬೇಕು. ದಿನವೆಲ್ಲ ನಡುಗುವ ಅವನ ಕೈ ಆಗ ಮಾತ್ರ ನಿಲ್ಲುತ್ತಿತ್ತು. ಪಕ್ಕದ ಮನೆಯ ಖಮರುದ್ದೀನ್ ಚಹಾ ಹಿಡಿದು ಬಂದು ಕೂಡುತ್ತಿದ್ದ.

"ನನ್ನ ಮೊಣಕಾಲಿಗೆ ಒಂದಿನಾನೂ ಇಷ್ಟು ಎಣ್ಣಿ ಹಚ್ಚಿಲ್ಲ ನೀವು" ಎಂದು ಹೆಂಡತಿ ಸಖುಬಾಯಿ ಮೂತಿ ತಿರುವುತ್ತಿದ್ದಳು. ಎಣ್ಣೆಯ ಬಟ್ಟಲು ತಂದಿಡುವವಳೂ ಅವಳೇ.

ಹೀಗೆ ಎಲ್ಲ ಅಸುರಕ್ಷಿತವಾಗಿ ಸುಖವಾಗಿದ್ದಾಗ 'ಸುರಕ್ಷಿತ ಅಜ್ಜ, ಸುಭದ್ರ ಬಂದೂಕು' ಅಭಿಯಾನದ ಜೀಪು ಊರಿಗೆ ಬಂತು. ಅದರಿಂದ ಕೋಶದ ಅಧಿಕಾರಿ ದೇವಿದಾಸ ಸಾಹೇಬರು ಇಳಿದರು.

"ಕಾಕಾ, ನಿಮ್ಮ ಕೈ ನಡಗತಾವು. ಬಂದೂಕು ಅಂಜತಾವು."

"ಅಂಜತಾವಂತ ಅವೇ ಹೇಳಿದ್ವೇನ್ರಿ ಸಾಹೇಬ್ರ?"

"ನಿಯಮದಾಗ ಅದ."

ನಿಯಮದ ಪ್ರಕಾರ ವೃದ್ಧರ ಬಂದೂಕು ಕಬ್ಬಿಣದ ತಿಜೋರಿಯಲ್ಲಿರಬೇಕು. ತಿಜೋರಿಯನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು, ಆದರೆ ಹುಮನಾಬಾದಿನ ಒಂದು ಅಂಗಡಿಯದಕ್ಕೆ ಮಾತ್ರ ಮಾನ್ಯತೆ. ಆ ಅಂಗಡಿಯಾತ ಸಾಹೇಬರ ಹೆಂಡತಿಯ ತಮ್ಮನಾಗಿದ್ದುದು ಅವನ ಪೂರ್ವಜನ್ಮದ ಪುಣ್ಯವೇ ಹೊರತು ಅದರಲ್ಲಿ ಇಲಾಖೆಯ ಪಾತ್ರವಿಲ್ಲ. ವೃದ್ಧರಿಗೆ ಮರೆವು ಸಹಜವಾದ್ದರಿಂದ ಕೀಲಿಕೈ ಕೋಶದಲ್ಲಿರುತ್ತದೆ. ಭಾನುವಾರದ ಮಾತು ಎತ್ತಿದ್ದಕ್ಕೆ ಸಾಹೇಬರು, "ಬಂದು ಕೇಳ್ರಿ, ನಾವೇನು ಪರದೇಶದವ್ರೇನು?" ಅಂದರು. ಲೈಸನ್ಸ್ ಹೋದೀತೆಂಬ ಭಯಕ್ಕೆ ಪಂಡರಿ ಟಗರು ಮಾರಿ ತಿಜೋರಿ ತಂದ. ಅದು ಬಾಗಿಲಲ್ಲಿ ಹಿಡಿಸಲಿಲ್ಲವಾಗಿ ಗೋಡೆ ಒಡೆಸಿದ.

ತಿಜೋರಿ ಮುಚ್ಚುವ ಸಮಾರಂಭ ವಿಜೃಂಭಣೆಯಿಂದ ನಡೆಯಿತು. ಮುಖ್ಯ ಅತಿಥಿಗಳು ತಡವಾಗಿ ಬಂದರು, ಮತ್ತು ಹುಲಸೂರಿನ ಇನ್ನೊಂದು ಸಮಾರಂಭಕ್ಕೆ ತಡವಾಗಿದೆಯೆಂದು ಬಂದ ಕೂಡಲೇ ಅವಸರ ಮಾಡಿದರು. ಅತ್ತ ಒಳಮನೆಯಲ್ಲಿ ಸಖುಬಾಯಿ ಬಂದೂಕುಗಳಿಗೆ ಉಡಿ ತುಂಬುತ್ತಿದ್ದಳು. ಅರಿಷಿಣ, ಕುಂಕುಮ, ಅಕ್ಕಿ, ಕೊಬ್ಬರಿ ಬಟ್ಟಲು, ಇಬ್ಬರಿಗೂ ಒಂದೊಂದು ಕುಪ್ಪಸದ ಖಣ.

"ಮನ್ಯಾನ ಹೆಣ್ಮಕ್ಕಳನ್ನ ಬರಿಗೈಲೆ ಕಳಸ್ತಾರೇನ್ರಿ?" ಅಂದಳು. ಪಂಡರಿ ಕಣ್ಣೊರೆಸಿಕೊಂಡ.

ಖಣ ಸುತ್ತಿದ ಬಂದೂಕುಗಳನ್ನು ಎತ್ತಿಕೊಂಡು ಇಬ್ಬರೂ ಹೊರಗೆ ಬರುವಷ್ಟರಲ್ಲಿ ಅತಿಥಿಗಳು ತಿಜೋರಿಗೆ ಹಾರ ಹಾಕಿ, ಕೀಲಿ ಜಡಿದು, ಫೋಟೋ ತೆಗೆಸಿಕೊಂಡು ಹೋಗಿಬಿಟ್ಟಿದ್ದರು. ಜೀಪಿನ ಧೂಳು ಮಾತ್ರ ಅಂಗಳದಲ್ಲಿತ್ತು.

"ಸುಮ್ಮನಿರ್ರಿ ಚಾಚಾ, ಅಲ್ಲಾನೇ ವಾಪಸ್ ಕೊಟ್ಟಾನ" ಎಂದ ಖಮರುದ್ದೀನ್. ಆದರೆ ಪಂಡರಿ ಕಾಯ್ದೆಗೆ ಹೆದರುವ ಮನುಷ್ಯ. ಮರುದಿನವೇ ಬಸ್ಸು ಹತ್ತಿ ಹುಮನಾಬಾದಿಗೆ ಹೋದ.

"ಸಾಹೇಬ್ರ, ತಿಜೋರಿ ಖಾಲಿ ಅದರಿ. ಬಂದೂಕು ಹೊರಗೇ ಉಳದಾವು."

ಸಾಹೇಬರು ಫೋಟೋ ತೋರಿಸಿದರು. "ಹಾರ ಅದ, ಕೀಲಿ ಅದ. ಎರಡೂ ಒಳಗ ಅದಾವಂತ ಸಹಿ ಆಗ್ಯದ."

"ಫೋಟೋದಾಗ ಬಂದೂಕು ಕಾಣವಲ್ವಲ್ರಿ?"

"ಒಳಗ ಇದ್ದದ್ದು ಹ್ಯಾಂಗ ಕಾಣತದ ಕಾಕಾ?"

"ಹಂಗಾರ ಕೀಲಿಕೈ ತಗೊಂಡು ಬರ್ರಿ, ತಗದು ತೋರಸ್ತೀನಿ."

"ಕೀಲಿಕೈ ಕಚೇರಿ ದಾಟಂಗಿಲ್ಲ."

"ತಿಜೋರೀನೇ ಇಲ್ಲಿಗೆ ತರತೀನ್ರಿ."

"ತಿಜೋರಿ ಮನಿ ದಾಟಂಗಿಲ್ಲ. ವಯಸ್ಸಾದವ್ರು ಭಾರ ಎತ್ತಬಾರದು" ಎಂದ ಸಾಹೇಬರು ಥಟ್ಟನೆ ಸೆಟೆದು ಕುಳಿತರು. "ತಡೀರಿ ಕಾಕಾ. ನಿಮ್ಮ ಎರಡೂ ಬಂದೂಕು ತಿಜೋರ್ಯಾಗ ಅದಾವು. ಮತ್ತ ಮನ್ಯಾಗ ಇನ್ನೆರಡು ಅದಾವಂತೀರಿ. ಅವು ಯಾರವು? ಅವುಕ್ಕ ಲೈಸನ್ಸ್ ಎಲ್ಲದ?"

ಈ ವಯಸ್ಸಿನಲ್ಲಿ ಜೇಲು! ಆದರೆ ಸಾಹೇಬರ ಹೃದಯ ದೊಡ್ಡದು. ಹೊಲದಲ್ಲಿ ಬಿದ್ದಿದ್ದವೆಂದು ತಂದೊಪ್ಪಿಸಿದರೆ ಮಾಫಿ ಎಂದರು. ಪಂಡರಿ ತಂದೊಪ್ಪಿಸಿದ. ಕೋಶವು ಕೂಡಲೇ ಪ್ರಕಟಣೆ ಹೊರಡಿಸಿತು: 'ಖಣ ಸುತ್ತಿದ, ಉಡಿ ತುಂಬಿದ ಎರಡು ಬೇವಾರಸಿ ಬಂದೂಕುಗಳು ದೊರೆತಿದ್ದು, ವಾರಸುದಾರರಿದ್ದಲ್ಲಿ ಹಾಜರಾಗತಕ್ಕದ್ದು. ಹಾಜರಾದವರನ್ನು ಬಂಧಿಸಲಾಗುವುದು.' ಯಾರೂ ಹಾಜರಾಗಲಿಲ್ಲ.

ಪಂಡರಿಗೆ ಕೋಶವು ಎರಡು ಶಾಲು ಹೊದಿಸಿತು. ತನ್ನ ಬಂದೂಕನ್ನು ಭದ್ರವಾಗಿಟ್ಟಿದ್ದಕ್ಕೊಂದು, ಪರರದ್ದನ್ನು ಪ್ರಾಮಾಣಿಕವಾಗಿ ಒಪ್ಪಿಸಿದ್ದಕ್ಕೊಂದು. ಶಾಲು ಹೊದ್ದು ನಿಂತವನ ಕಣ್ಣು ಸಾಹೇಬರ ಕುರ್ಚಿಯ ಹಿಂದಿನ ಗೋಡೆಗೆ ಹೋಯಿತು. ದೊಡ್ಡಾಕಿ, ಸಣ್ಣಾಕಿ ಮೊಳೆಗೆ ನೇತಾಡುತ್ತಿದ್ದರು. ಬಂದ ಅತಿಥಿಗಳಿಗೆ ಸಾಹೇಬರು, ಇದು ತಮ್ಮ ಖಾನದಾನಿ ಸಂಗ್ರಹವೆಂದು ವಿವರಿಸುತ್ತಿದ್ದರು.

"ಸಾಹೇಬ್ರ, ಧೂಳ ಕುಂತದರಿ. ಒಂದ ಸಲ ಒರಸಲೇನ್ರಿ?"

"ಮುಟ್ಟಬ್ಯಾಡ್ರಿ ಕಾಕಾ. ಅವು ನಿಮ್ಮವಲ್ಲ. ನಿಮ್ಮವು ಮನ್ಯಾಗ ಭದ್ರ ಅದಾವು."

ಅಯ್ಯೋ, ಹೌದಲ್ಲ! ಪಂಡರಿ ಕೈ ಮುಗಿದು ಊರಿಗೆ ಬಂದ.

ಈಗ ಎಲ್ಲವೂ ನಿಯಮದಂತೆ ನಡೆದಿದೆ. ತಪಾಸಣೆಯವರು ಬಂದು ತಿಜೋರಿಗೆ ಕಿವಿ ಹಚ್ಚಿ, ಗುಂಡಿನ ಸದ್ದಿಲ್ಲವೆಂದು ಬರೆದುಕೊಂಡು ಹೋಗುತ್ತಾರೆ. ದಸರೆಯಲ್ಲಿ ಆಯುಧಗಳ ಖಂಡೆಪೂಜೆಗೆ ಓಣಿಯವರೆಲ್ಲ ಬಂದು ತಿಜೋರಿಗೆ ಕಾಯಿ ಒಡೆದರು. ಖಮರುದ್ದೀನನೂ ಬಾಗಿಲು ತಟ್ಟಿ ನೋಡಿ, "ಒಳಗ ಬಿಲ್ಕುಲ್ ಖೈರಿಯತ್ ಅದ ಚಾಚಾ, ಇಬ್ಬರೂ ಆರಾಮ ಅದಾರ" ಎಂದ. ಭಾನುವಾರ ಪಂಡರಿ ಕೌದಿ ಹಾಸಿ, ತಿಜೋರಿಯ ಮುಂದೆ ಕುಳಿತು ಅದಕ್ಕೇ ಎಣ್ಣೆ ಹಚ್ಚಿ ಒರೆಸುತ್ತಾನೆ. ಕೈ ಮಾತ್ರ ಈಗ ಆ ಹೊತ್ತಿಗೂ ನಡುಗುತ್ತದೆ.

"ಸಾಕು ಬರ್ರಿ, ರೊಟ್ಟಿ ಆರಾಕತ್ತದ" ಎಂದು ಸಖುಬಾಯಿ ಒಳಗಿನಿಂದ ಕರೆಯುತ್ತಾಳೆ.

"ತಡಿ, ದೊಡ್ಡಾಕೀದ ಆತು. ಸಣ್ಣಾಕೀದ ಇನ್ನಾ ಆಗಿಲ್ಲ" ಅನ್ನುತ್ತಾನೆ ಪಂಡರಿ.

ಸಖುಬಾಯಿ ಎಣ್ಣೆಯ ಬಟ್ಟಲು ತುಂಬಿಸಿ ತಂದಿಡುತ್ತಾಳೆ.