ಹನ್ನೊಂದೂವರೆ ಲೀಟರಿನ ಮಾಮಾ

ಸರ್ಕಾರಕ್ಕೆ ಹೆದರುವವರನ್ನು ನಾನು ನೋಡಿದ್ದೇನೆ. ಸರ್ಕಾರವನ್ನು ಬೈಯುವವರ ನಡುವೆಯೇ ಬೆಳೆದಿದ್ದೇನೆ. ಸರ್ಕಾರಕ್ಕೆ ಟೋಪಿ ಹಾಕುವವರ ಪಕ್ಕ ಬಸ್ಸಿನಲ್ಲಿ ಕೂತು, ಬೆಳಗಾವಿಯಿಂದ ಖಾನಾಪುರದವರೆಗೂ ಅವರ ಸಾಹಸಗಳನ್ನು ಕೇಳಿದ್ದೇನೆ. ಆದರೆ ಸರ್ಕಾರದ ಫಾರ್ಮನ್ನು, ಬರೀ ಫಾರ್ಮನ್ನು, ಪ್ರೀತಿಸಿದ ಮನುಷ್ಯರನ್ನು ನೋಡಿದ್ದು ಒಬ್ಬರನ್ನೇ. ಅವರು ನನ್ನ ಸೋದರಮಾವ. ಬೇರೆಯವರ ಮನೆಯಲ್ಲಿ ಇಂಥವರಿದ್ದರೆ ನಕ್ಕು ಸುಮ್ಮನಾಗಬಹುದು. ನನಗೆ ಆ ಭಾಗ್ಯವೂ ಇರಲಿಲ್ಲ. ಯಾಕೆಂದರೆ ಆ ಫಾರ್ಮನ್ನು ಪ್ರತಿ ತಿಂಗಳು ಅವರಿಂದ ತುಂಬಿಸಿಕೊಂಡು ಹೋಗಬೇಕಾದ ಗುಮಾಸ್ತೆ ನಾನೇ ಆಗಿದ್ದೆ!

ಮಾಮಾಗೆ ಪಾರಿಶ್ವಾಡದಲ್ಲಿ ಒಂದಿಷ್ಟು ಹೊಲ, ಒಂದು ಹಿಟ್ಟಿನ ಗಿರಣಿ. ಕರೆಂಟು ಇದ್ದಾಗ ಗಿರಣಿ ಮೋಟರಿನ ಮೇಲೆ ತಿರುಗುತ್ತಿತ್ತು, ಇಲ್ಲದಾಗ ಮುದಿ ಡೀಸೆಲ್ ಇಂಜಿನ್ನಿನ ಮೇಲೆ. ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತಿದು. ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಹೀಗಿರುವಾಗ ಮಾಮಾ ಬೆಳಗಾವಿಯಲ್ಲಿ ಒಂದು ದಿನದ ತರಬೇತಿಗೆ ಹೋದರು. ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುವುದು ಹೇಗೆಂದು ಅಲ್ಲಿ ತೋರಿಸಿದರಂತೆ. ಹೋದವರಲ್ಲಿ ಬಹಳ ಮಂದಿ ಮಧ್ಯಾಹ್ನದ ಊಟ ಮುಗಿಸಿ, ಪುಕ್ಕಟೆ ಸಿಕ್ಕ ಚೀಲ ಹೆಗಲಿಗೇರಿಸಿ ರವಿವಾರ ಪೇಟೆಗೆ ಕಿರಾಣಿ ತರಲು ಹೋದರು. ಕೊನೆಯತನಕ ಕೂತವರು ಮಾಮಾ ಒಬ್ಬರೇ. ಸಂಜೆ ಒಂದು ಬಾಟಲಿ ತುಂಬ ಬಂಗಾರದ ಬಣ್ಣದ ದ್ರವ ಹಿಡಿದುಕೊಂಡು ಊರಿಗೆ ಬಂದರು. ಮಾಮಿ ಅದು ಜೇನುತುಪ್ಪವೆಂದು ತಿಳಿದು ಬೆರಳು ಅದ್ದಿ ನೆಕ್ಕಿದರು. ಆಮೇಲೆ ಎರಡು ದಿನ ಮಾಮಾನ ಜೊತೆ ಮಾತಾಡಲಿಲ್ಲ. ಜೈವಿಕ ಡೀಸೆಲ್ಲಿಗೆ ನಮ್ಮ ತಾಲೂಕಿನಲ್ಲಿ ಸಿಕ್ಕ ಮೊದಲ ಅಭಿಪ್ರಾಯ ಅದು.

ಮಾಮಾ ಬಿಡುವವರೇ? ಬದುವಿನ ಮೇಲಿನ ಹೊಂಗೆ ಮರ, ಹಳ್ಳದ ದಂಡೆಯ ಹೊಂಗೆ ಮರ, ಎಲ್ಲದರ ಕಾಯಿಯೂ ಮನೆಯ ಅಂಗಳಕ್ಕೆ ಬಂತು. ಮಾಮಿ ಬೈಯುತ್ತಾ ಕಲ್ಲಿನಿಂದ ಕಾಯಿ ಕುಟ್ಟಿ ಬೀಜ ತೆಗೆದರು. ಮಾಮಾ ನಂದಗಡದ ಗಾಣಕ್ಕೆ ಹೊತ್ತು ಎಣ್ಣೆ ಮಾಡಿಸಿ ತಂದರು. ಎಣ್ಣೆಗೆ ಸ್ಪಿರಿಟ್ಟು, ಕಾಸ್ಟಿಕ್ ಸೋಡಾ ಬೆರೆಸಿ, ಹಳೆಯ ಡ್ರಮ್ಮಿನಲ್ಲಿ ತಿರುವಿ, ಒಂದು ದಿನ ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಸಿದುಕೊಂಡು ಇಂಜಿನ್ನಿಗೆ ಹೊಯ್ದರು. ಹ್ಯಾಂಡಲ್ ತಿರುವಿದರು. ಇಂಜಿನ್ನು ಎರಡು ಸಲ ಕೆಮ್ಮಿತು, ಒಂದು ಸಲ ಸೀನಿತು, ಆಮೇಲೆ ಟುಕುಟುಕು ಎಂದು ಶುರುವಾಯಿತು!

ಇಡೀ ಓಣಿ ಹೊಂಗೆ ಎಣ್ಣೆಯ ವಾಸನೆಯಿಂದ ತುಂಬಿತು. ನಮ್ಮ ಕಡೆ ಹೊಂಗೆ ಎಣ್ಣೆಯೆಂದರೆ ತುರಿಕೆಗೆ ಹಚ್ಚುವ ಔಷಧಿ. ಜೋಳ ಬೀಸಿಸಲು ಬಂದಿದ್ದ ಮುದುಕಿಯೊಬ್ಬಳು ಮೂಗು ಮುಚ್ಚಿಕೊಂಡು ಕನಿಕರದಿಂದ ಕೇಳಿದಳು:

"ಅಯ್ಯ, ಇಂಜಿನ್ನಿಗಿ ತುರಿಕಿ ಎದ್ದಿತ್ತೇನ್ರಿ?"

ಇಷ್ಟಾಗುವ ಹೊತ್ತಿಗೆ ಬೆಳಗಾವಿಯ ನಮ್ಮ ಕಚೇರಿಗೆ ಒಂದು ಸುತ್ತೋಲೆ ಬಂತು. ಜಿಲ್ಲೆಯಲ್ಲಿ ಜೈವಿಕ ಡೀಸೆಲ್ ತಯಾರಿಸುವವರೆಲ್ಲರಿಂದ ಪ್ರತಿ ತಿಂಗಳು ಉತ್ಪಾದನೆಯ ಅಂಕಿಸಂಖ್ಯೆಯನ್ನು "ಖುದ್ದಾಗಿ ಸಂಗ್ರಹಿಸತಕ್ಕದ್ದು". ತರಬೇತಿಗೆ ಬಂದವರ ಹೆಸರುಗಳೇ ಉತ್ಪಾದಕರ ಪಟ್ಟಿಯಾಗಿದ್ದವು. ಒಬ್ಬರು ಸಾಬೂನು ಮಾಡುವವರು. ಇನ್ನೊಬ್ಬರು ತರಬೇತಿಗೆ ತಮ್ಮ ಬದಲು ಅಳಿಯನನ್ನು ಕಳಿಸಿದ್ದರು, ಆ ಅಳಿಯ ಊಟದ ಹೊತ್ತಿಗೆ ಮಾಯವಾಗಿದ್ದ. ಮತ್ತೊಬ್ಬರಂತೂ ನನ್ನ ಕೈಯಿಂದ ಫಾರ್ಮು ತೆಗೆದುಕೊಂಡು, "ಏನ್ ಬರೀಬೇಕು ಹೇಳ್ರಿ ಬಾಯಾರ, ಬರದು ಬಿಡ್ತೀನಿ" ಎಂದರು. ನಾನು ಏನೂ ಹೇಳದಿದ್ದುದಕ್ಕೆ ತಾವೇ ಯೋಚಿಸಿ ಐನೂರು ಲೀಟರ್ ಎಂದು ಬರೆದರು. ಹಿಂದೆ ಮುಂದೆ ನೋಡದ ಕೈ!

ಪಟ್ಟಿಯ ಕೊನೆಯ ಹೆಸರು ನಮ್ಮ ಮಾಮಾನದು. ಎರಡನೇ ಶನಿವಾರ ಖಾನಾಪುರದಲ್ಲಿ ಬಸ್ಸು ಬದಲಿಸಿ ಪಾರಿಶ್ವಾಡಕ್ಕೆ ಹೋದೆ. ಫಾರ್ಮನ್ನು ಕೈಗೆ ಕೊಟ್ಟಾಗ ಮಾಮಾ ಮೊದಲು ಕೈ ತೊಳೆದುಕೊಂಡು ಬಂದರು. ಕನ್ನಡಕ ಹಾಕಿಕೊಂಡರು. ಮೇಲಿನಿಂದ ಕೆಳಗಿನವರೆಗೆ ಒಮ್ಮೆ, ಕೆಳಗಿನಿಂದ ಮೇಲಿನವರೆಗೆ ಒಮ್ಮೆ ಓದಿದರು.

"ಸ್ಥಾಪಿತ ಸಾಮರ್ಥ್ಯ ಅಂತ ಕೇಳ್ಯಾರಲ್ಲ, ಸಾಮರ್ಥ್ಯ ಅಂದ್ರ ಯಾರದು? ನಂದೋ, ಡ್ರಮ್ಮಿಂದೋ?"

"ಡ್ರಮ್ಮಿಂದು, ಮಾಮಾ."

"ಹಂಗಾದ್ರ ಚಲೋ ಆತು. ಡ್ರಮ್ ಇನ್ನೂ ಗಟ್ಟಿ ಐತಿ."

ಕೆಲಸಗಾರರ ಸಂಖ್ಯೆ ಎಂಬಲ್ಲಿ "ಗಂಡು ಒಂದು, ಹೆಣ್ಣು ಒಂದು (ಒಲ್ಲದ ಮನಸ್ಸಿನಿಂದ)" ಎಂದು ಬರೆದರು. ಮಾಮಿಗೆ ಓದಿ ಹೇಳಿದರು. ಮಾಮಿ ಒಳಗಿನಿಂದಲೇ, "ಅಷ್ಟರೆ ಖರೇ ಬರದ್ರಲ್ಲ" ಎಂದರು. ಉತ್ಪಾದನೆ ಎಂಬಲ್ಲಿ ಹನ್ನೆರಡು ಲೀಟರ್. ನಷ್ಟ ಎಂಬಲ್ಲಿ ಅರ್ಧ ಲೀಟರ್. ನಷ್ಟದ ಕಾರಣ: ಬೆಕ್ಕು. ನಿವ್ವಳ: ೧೧.೫. ಇಷ್ಟಕ್ಕೇ ಮುಗಿಯಲಿಲ್ಲ. ಫಾರ್ಮಿನ ತುದಿಯಲ್ಲಿ ಷರಾ ಎಂಬ ಒಂದು ಇಂಚು ಜಾಗವಿತ್ತು. ಸರ್ಕಾರಿ ಕಾಗದದಲ್ಲಿ ಷರಾ ಇರುವುದು ಖಾಲಿ ಬಿಡಲಿಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಮಾಮಾಗೆ ಗೊತ್ತಿರಲಿಲ್ಲ. ಅವರು ಅದಕ್ಕೊಂದು ಹಾಳೆ ಅಂಟಿಸಿ ಬರೆದರು: "ಈ ಸಲ ಹೊಂಗೆ ಹೂವು ಚೆನ್ನಾಗಿ ಬಂದಿದೆ. ಜೇನುಹುಳಗಳು ಸಂತೋಷದಿಂದ ಇವೆ. ಬೆಕ್ಕಿನ ಮೇಲೆ ಯಾವ ಕ್ರಮವನ್ನೂ ಕೈಗೊಂಡಿಲ್ಲ, ಏಕೆಂದರೆ ಅದು ಗರ್ಭಿಣಿ."

ನಮ್ಮ ಸಾಹೇಬರು ಅದನ್ನು ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇವರು ನಿಮ್ಮ ಸಂಬಂಧಿಕರೇನ್ರಿ?"

"ಊರಿನವರು, ಸರ್" ಎಂದೆ. ದೇವರು ನನ್ನನ್ನು ಕ್ಷಮಿಸಲಿ!

ಹೀಗೇ ತಿಂಗಳುಗಳು ಕಳೆದವು. ಮಾಮಾನ ಲೆಕ್ಕ ಹನ್ನೊಂದೂವರೆಯ ಆಚೀಚೆಯೇ ತೂಗಾಡುತ್ತಿತ್ತು. ಷರಾ ಮಾತ್ರ ಬೆಳೆಯುತ್ತ ಹೋಯಿತು. ಬೆಕ್ಕು ಮೂರು ಮರಿ ಹಾಕಿದ್ದು ಸರ್ಕಾರಕ್ಕೆ ಲಿಖಿತವಾಗಿ ತಿಳಿಯಿತು. ಅಷ್ಟರಲ್ಲಿ ಸಾಹೇಬರು ಒಂದು ದಿನ ನನ್ನನ್ನು ಕರೆದು ದನಿ ತಗ್ಗಿಸಿದರು.

"ನೋಡ್ರಿ, ತಿಂಗಳಿಗಿ ನೂರು ಲೀಟರ್ ದಾಟಿದವರಿಗೆ ಕಾಯಿ ಒಡಿಯೂ ಸಣ್ಣ ಮಶೀನ್ ಮಂಜೂರಾಗೂ ಸುದ್ದಿ ಐತಿ. ನಿಮ್ಮ ಊರಿನವರು ಮಾಡೂದು ಖರೇ ಐತಿ. ಆ ಹನ್ನೊಂದು, ಚುಕ್ಕಿ, ಐದು ಅಂತ ಬರೀತಾರಲ್ಲ, ಆ ಚುಕ್ಕಿ ಒಂದು ಮರತು ಬಿಟ್ರ ನೂರಾ ಹದಿನೈದು ಆಗತೈತಿ. ಚುಕ್ಕಿ ಮರಿಯೂದು ಯಾವ ಗುನ್ನೆನೂ ಅಲ್ಲ."

ಹೇಳಬಾರದಿತ್ತು, ಹೋಗಿ ಹೇಳಿದೆ. ಮಾಮಿಯ ಮುಖ ಅರಳಿತು. ಕಾಯಿ ಕುಟ್ಟಿ ಕುಟ್ಟಿ ದಡ್ಡುಗಟ್ಟಿದ ಅಂಗೈಯನ್ನು ಮಾಮಾನ ಮುಂದೆ ಚಾಚಿ, "ಒಂದ್ ಚುಕ್ಕಿ ಬಿಟ್ರ ಮಶೀನ್ ಬರತೈತಿ ಅಂದ್ರ ಬಿಡ್ರಲ್ಲ! ನಿಮ್ಮ ಚುಕ್ಕಿ ಏನ್ ಬಂಗಾರದ್ದೈತೇನು?" ಎಂದರು.

ಮಾಮಾ ಆ ಅಂಗೈಯನ್ನೇ ಬಹಳ ಹೊತ್ತು ನೋಡಿದರು. ನಾನು ಚುಕ್ಕಿ ಹೋಯಿತೆಂದೇ ತಿಳಿದೆ. ಆಮೇಲೆ ಅವರು ಪೆನ್ನು ತೆಗೆದುಕೊಂಡು ೧೧.೫ ಎಂದು ಬರೆದರು, ಚುಕ್ಕಿಯನ್ನು ಎಂದಿಗಿಂತ ಒತ್ತಿ, ಕಾಗದ ತೂತಾಗುವಷ್ಟು.

"ಇವತ್ತು ಚುಕ್ಕಿ ಬಿಟ್ರ ನಾಳೆ ಒಂದ್ ಸೊನ್ನಿ ಹಚ್ಚು ಅಂತಾರ. ನಾಡಿದ್ದು ಬೆಕ್ಕನ್ನೂ ತಗೀ ಅಂತಾರ. ಕಾಯಿ ನಾ ಕುಟ್ತೀನಿ, ಆ ಕಲ್ಲು ತಾ ಇಲ್ಲಿ."

ಅಂದಿನಿಂದ ಕಾಯಿ ಕುಟ್ಟುವ ಕೆಲಸ ಮಾಮಾನದು. ಮೊದಲ ದಿನವೇ ಹೆಬ್ಬೆರಳಿಗೆ ಬಡಿದುಕೊಂಡರು. ಆ ತಿಂಗಳ ಷರಾದಲ್ಲಿ ಹೆಬ್ಬೆರಳಿನ ವಿವರವೂ ಇತ್ತು.

ಮುಂದಿನ ತಿಂಗಳು ಬೆಂಗಳೂರಿನಿಂದ ಒಬ್ಬರು ಮೇಡಂ ಬರುತ್ತಾರೆಂದು ಫೋನು ಬಂತು. ಎಲ್ಲ ಜಿಲ್ಲೆಗಳಿಂದಲೂ ಅವರಿಗೆ ಐನೂರು, ಸಾವಿರ ಎಂಬ ದುಂಡನೆಯ ಅಂಕಿಗಳೇ ಹೋಗುತ್ತಿದ್ದವಂತೆ. ಬೆಕ್ಕು ಇದ್ದದ್ದು ನಮ್ಮಲ್ಲಿ ಮಾತ್ರ. ಅದನ್ನೇ ನೋಡಬೇಕು ಎಂದರಂತೆ. ಸಾಹೇಬರು, ಮೇಡಂ, ನಾನು ಜೀಪಿನಲ್ಲಿ ಪಾರಿಶ್ವಾಡಕ್ಕೆ ಹೊರಟೆವು. ಗಿರಣಿಯ ಮುಂದೆ ಅರ್ಧ ಊರು ಸೇರಿತ್ತು. ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

"ಎಲ್ಲಿ, ಇಂಜಿನ್ ಸ್ಟಾರ್ಟ್ ಮಾಡಿ ನೋಡೋಣ" ಎಂದರು ಮೇಡಂ.

"ಆಗೂದಿಲ್ರೀ. ಕರೆಂಟ್ ಐತಿ" ಎಂದರು ಮಾಮಾ.

"ಇದ್ರೇನು? ಸುಮ್ನೆ ತೋರಿಸೋಕೆ ಸ್ಟಾರ್ಟ್ ಮಾಡಿ."

"ಕರೆಂಟ್ ಇದ್ದಾಗ ನಾ ಎಣ್ಣಿ ಸುಡೂದಿಲ್ರೀ. ತೋರಸಾಕ ಸುಟ್ರ ಈ ತಿಂಗಳ ಫಾರ್ಮ್ ಸುಳ್ಳಾಗತೈತಿ."

ಸಾಹೇಬರು ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಮೇಡಂ ಕಾಯುತ್ತೇನೆಂದು ಕಟ್ಟೆಯ ಮೇಲೆ ಕೂತರು. ದಿನಕ್ಕೆ ಹತ್ತು ಸಲ ಹೋಗುವ ಕರೆಂಟು ಅಂದು ಹೋಗಬೇಕಲ್ಲ! ಹನ್ನೊಂದಾಯಿತು, ಹೋಗಲಿಲ್ಲ. ಹನ್ನೆರಡಾಯಿತು, ಬಲ್ಬು ಮೊದಲಿಗಿಂತ ಜೋರಾಗಿ ಉರಿಯಿತು. ಮಾಮಿ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ, ಮೊಸರು ಬಡಿಸಿದರು. ಮೇಡಂ ಎರಡೇ ರೊಟ್ಟಿ ಸಾಕೆಂದು ಕೂತವರು ನಾಲ್ಕು ತಿಂದರು. ಊಟದ ನಡುವೆ ಅವರು ಮಾಮಿಯನ್ನು ಮೆಲ್ಲಗೆ ಕೇಳಿದರು:

"ನಿಜ ಹೇಳಿ ಅಮ್ಮ, ತಿಂಗಳಿಗೆ ಎಷ್ಟಾಗತ್ತೆ?"

ಸಾಹೇಬರ ತುತ್ತು ಕೈಯಲ್ಲೇ ನಿಂತಿತು. ನೂರು ಎಂದು ಒಂದು ಮಾತು ಅಂದರೆ ಮಶೀನು ಬರುತ್ತಿತ್ತು. ಮಾಮಿ ಮೊಸರು ಹಾಕುತ್ತಾ ಹೇಳಿದರು:

"ಹನ್ನೊಂದೂವರಿ ರೀ. ಒಮ್ಮೊಮ್ಮೆ ಅದೂ ಆಗೂದಿಲ್ಲ."

ಮಾಮಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಆದರೆ ಕಿವಿಯವರೆಗೂ ನಕ್ಕಿದ್ದು ನನಗೆ ಕಂಡಿತು.

ಮೂರೂವರೆಗೆ ಬಲ್ಬು ಒಮ್ಮೆ ಮಿಣುಕಿ ಆರಿತು. ಕರೆಂಟು ಹೋದದ್ದಕ್ಕೆ ಒಂದು ಊರು ಸಂಭ್ರಮಪಟ್ಟಿದ್ದು ಭೂಮಿಯ ಮೇಲೆ ಅದೇ ಮೊದಲಿರಬೇಕು! ಕನ್ನಡದವರು "ಹೋತು! ಹೋತು!" ಎಂದು ಕೂಗಿದರು. ಮರಾಠಿ ಮನೆಯವರು "ಗೇಲಿ! ಗೇಲಿ!" ಎಂದು ಕುಣಿದರು. ಮೇಡಂ ಗಾಬರಿಯಾಗಿ, "ಯಾಕೆ, ನಮ್ಮನ್ನ ಗೇಲಿ ಮಾಡ್ತಿದ್ದಾರಾ?" ಎಂದರು. ಸಾಹೇಬರು ಕೈ ಮುಗಿದು, "ಇಲ್ಲ ಮೇಡಂ, ಮರಾಠ್ಯಾಗ ಲೈಟ್ ಹೋತು ಅಂತ ಅರ್ಥ. ನಮ್ಮಲ್ಲಿ ಎರಡು ಭಾಷಾದವರೂ ಒಂದೇ ಮಾತು ಆಡೂದು ಬಾಳ ಅಪರೂಪ" ಎಂದರು.

ಇಂಜಿನ್ನು ಕೆಮ್ಮಿ, ಸೀನಿ, ನಡೆಯಿತು. ಗಿರಣಿ ತಿರುಗಿತು. ಮೇಡಂ ಬಾಯಿ ತೆರೆದು ನೋಡುತ್ತಾ ನಿಂತರು. ಹೊರಗೆ ಬರುವಾಗ ಅವರ ಕೂದಲೆಲ್ಲ ಜೋಳದ ಹಿಟ್ಟಿನಿಂದ ಬಿಳಿಯಾಗಿ, ಒಂದೇ ಮಧ್ಯಾಹ್ನದಲ್ಲಿ ನಿವೃತ್ತಿಯ ವಯಸ್ಸಿಗೆ ಬಂದಿದ್ದರು. ಹೋಗುವಾಗ ಮಾಮಾನ ಕೈ ಹಿಡಿದು ಕುಲುಕಿದರು.

ಒಳ್ಳೆಯವರಿಗೆ ಒಳ್ಳೆಯದಾಯಿತು, ಮಶೀನು ಬಂತು ಎಂದು ನಾನು ಬರೆಯಬಹುದಿತ್ತು. ಬರಲಿಲ್ಲ. ಎರಡು ತಿಂಗಳ ನಂತರ ಇನ್ನೊಂದು ಸುತ್ತೋಲೆ ಬಂತು: ನೂರು ಲೀಟರಿಗಿಂತ ಕಡಿಮೆ ಮಾಡುವವರ ವಿವರ ಇನ್ನು ಮುಂದೆ ಬೇಕಾಗಿಲ್ಲ. ಆ ಸುದ್ದಿಯನ್ನು ಮಾಮಾಗೆ ಹೇಳಲು ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರ ನಾವು ಅದೀವಿ, ಆದ್ರ ಎಣಿಕ್ಯಾಗ ಇಲ್ಲ. ಹೌದಲ್ಲ?"

"ಹೌದು, ಮಾಮಾ."

"ಇರ್ಲಿ ಬಿಡು. ಇಂಜಿನ್ನಿಗಿ ಸುತ್ತೋಲೆ ಓದಾಕ ಬರೂದಿಲ್ಲ. ಅದು ತನ್ನ ಪಾಡಿಗಿ ನಡೀತೈತಿ."

ಮುಂದಿನ ಎರಡನೇ ಶನಿವಾರ ಬಂತು. ಬೆಳಿಗ್ಗೆ ಎದ್ದವಳಿಗೆ ಮಾಡಲು ಏನೂ ಇರಲಿಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಮಾಮಾನ ಅಕ್ಕ, ಅಂದರೆ ನಮ್ಮ ಅವ್ವ, ತೀರಿಕೊಂಡ ಮೇಲೆ ನಾನು ಆ ಮನೆಗೆ ಹೋಗುವುದನ್ನೇ ಬಿಟ್ಟಿದ್ದೆ. ಅವ್ವನ ಕೈ ಹಿಡಿದು ಹೋಗುತ್ತಿದ್ದ ಊರಿಗೆ ಒಬ್ಬಳೇ ಹೋಗಲು ಮನಸ್ಸಾಗುತ್ತಿರಲಿಲ್ಲ. ಕಚೇರಿಯ ಹುಕುಂ ಬಾರದಿದ್ದರೆ ಹೋಗುತ್ತಲೂ ಇರಲಿಲ್ಲವೇನೋ. ಈಗ ಹುಕುಂ ಇರಲಿಲ್ಲ. ಆದರೂ ಸೀರೆ ಉಟ್ಟೆ, ಬಸ್ ಸ್ಟ್ಯಾಂಡಿಗೆ ನಡೆದೆ, ಖಾನಾಪುರದಲ್ಲಿ ಬಸ್ಸು ಬದಲಿಸಿದೆ.

ಗಿರಣಿ ಮೋಟರಿನ ಮೇಲೆ ನಡೆದಿತ್ತು. ಐದಾರು ಹೆಂಗಸರು ಡಬ್ಬಿ ಹಿಡಿದು ಕೂತಿದ್ದರು. ಮಾಮಾ ನನ್ನ ಬಗಲಿನ ಚೀಲವನ್ನೇ ನೋಡಿದರು.

"ಫಾರ್ಮ್ ತಿರಗಿ ಚಾಲೂ ಆತೇನವಾ?"

"ಇಲ್ಲ ಮಾಮಾ. ಸುಮ್ನ ಬಂದೀನಿ."

ಮಾಮಾ ಅರ್ಧ ಬೀಸಿದ ಜೋಳವನ್ನು ಅಲ್ಲೇ ಬಿಟ್ಟು ಮೋಟರು ಬಂದ್ ಮಾಡಿದರು. ಬಾಗಿಲಿಗೆ ಹೋಗಿ ಮನೆಯ ಕಡೆ ಕೂಗಿದರು:

"ಕೇಳಿಲ್ಲಿ! ಅಕ್ಕನ ಮಗಳು ಬಂದಾಳ!"

"ಎಷ್ಟು ಲೀಟರ್ ಬೇಕಂತ?" ಎಂದರು ಮಾಮಿ ಅಂಗಳದಿಂದ.

"ಲೀಟರ್ ಗೀಟರ್ ಏನಿಲ್ಲ!" ಎಂದರು ಮಾಮಾ. "ಸುಮ್ನ ಬಂದಾಳಂತ... ಸುಮ್ನ!"